ಕಡಲ ದಾರಿಯ ಕೈಯಡುಗೆ

ನೊಣವಿನಕೆರೆ ಸುತ್ತಿನಲ್ಲಿ ಶಂಭುಲಿಂಗಯ್ಯ ಎಂಬ ಹೆಸರಿನವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೈಯಡುಗೆ ಶಂಭುಲಿಂಗಯ್ಯ ಎಂದರೆ ಒಬ್ಬರೇ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ, ಊರಾಚೆ ತೆಂಗಿನ ತೋಟ, ಹಣೆಯ ತುಂಬ ವಿಭೂತಿ, ಜೊತೆಗೆ ಒಂದು ನೇಮ. ದಿನಾ ಲಿಂಗಪೂಜೆ ಮಾಡುವ ಕೈ ಬೇಯಿಸಿದ್ದನ್ನು ಬಿಟ್ಟು ಅವರು ಬೇರೇನನ್ನೂ ಉಣ್ಣುವುದಿಲ್ಲ. ಮದುವೆಮನೆಗೆ ಹೋದರೆ ಒಂದು ಬಾಳೆಹಣ್ಣು ಸುಲಿದು ತಿಂದು, ನಾಲ್ಕು ಜನಕ್ಕೆ ಕಾಣುವಂತೆ ಕೈ ತೊಳೆದು ಎದ್ದು ಬರುತ್ತಾರೆ. ವಾರಕ್ಕೆರಡು ಸಲ ನಡೆಯುವ ಕೊಬ್ಬರಿ ಹರಾಜಿನ ದಿನ ಬೆಳಿಗ್ಗೆ ತಿಪಟೂರಿಗೆ ಹೋದರೆ ಸಂಜೆ ಮನೆಗೆ ಬರುವವರೆಗೆ ಬರೀ ನೀರು. ಇಂಥ ಕಾಲದಲ್ಲೂ ಇಂಥವರಿದ್ದಾರಲ್ಲ ಎಂದು ಜನ ಬಾಯಿ ತುಂಬ ಹೊಗಳುತ್ತಿದ್ದರು.

ಆ ಕೈ ಯಾರದು ಎಂದು ಮಾತ್ರ ಯಾರೂ ಕೇಳಲಿಲ್ಲ. ನೇಮ ಗಂಡನದು, ಬೇಯುವವಳು ಹೆಂಡತಿ. ಶಾಂತಕುಮಾರಿ ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ರಾತ್ರಿ ಮನೆ ಬಿಟ್ಟು ಹೊರಗೆ ಮಲಗಿದವಳಲ್ಲ. ತವರೂರು ಹಾಲ್ಕುರಿಕೆಯಲ್ಲಿ ಅವಳ ತಾಯಿ ತೀರಿಕೊಂಡಾಗ, ಮಣ್ಣು ಮಾಡಿ ಬಂದು ಕಾಲು ತೊಳೆಯುವಷ್ಟರಲ್ಲಿ ಗಂಡ ಸ್ಕೂಟರ್ ತಿರುಗಿಸಿಕೊಂಡು ನಿಂತಿದ್ದರು. ರಾತ್ರಿ ಅವರಿಗೆ ಮುದ್ದೆ ಆಗಬೇಕಿತ್ತಲ್ಲ. ತಂಗಿಯರು ಗೋಳೋ ಎಂದು ಅಳುತ್ತಿದ್ದಾಗ ಇವಳು ಸ್ಕೂಟರಿನ ಹಿಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದು ಒಲೆ ಮೇಲೆ ಎಸರಿಟ್ಟಿದ್ದಳು. ಅದು ಭಕ್ತಿಯೇ ಇರಬೇಕು ಎಂದು ಆಗ ತಿಳಿದಿದ್ದಳು, ಪಾಪ.

ಈಗ ಕುಮಟಾದಿಂದ ಮಗಳು ಸುನಂದಾ ಫೋನ್ ಮಾಡಿದ್ದಳು. ಅಳಿಯನಿಗೆ ಅಲ್ಲಿ ಬ್ಯಾಂಕಿನ ಕೆಲಸ. ಸುನಂದಾಳ ಮೊದಲ ಹೆರಿಗೆ ತವರಿನಲ್ಲೇ ಆಗಿತ್ತು. ಈಗ ಎರಡನೆಯದು, ತಿಂಗಳು ತುಂಬುತ್ತಾ ಬಂದಿತ್ತು.

“ಅಮ್ಮ, ಡಾಕ್ಟರು ಬಿಪಿ ಜಾಸ್ತಿ ಐತೆ ಅಂದ್ರು. ಅಷ್ಟು ದೂರ ಕುಲುಕಾಡ್ಕೊಂಡು ಬರಂಗಿಲ್ಲ. ನಮ್ಮತ್ತೆ ಹಾಸಿಗೆ ಹಿಡ್ದವ್ರೆ, ಅವರನ್ನೇ ಯಾರಾದ್ರೂ ನೋಡ್ಕೋಬೇಕು. ನೀನು ಬಂದು ಬಾಣಂತನ ಮುಗಿಸ್ಕೊಂಡು ಹೋಗು. ನಂಗೆ ಈ ಸಲ ಯಾಕೋ ಭಯ ಆಗ್ತೈತೆ.”

ಸುನಂದಾ ಸುಮ್ಮಸುಮ್ಮನೆ ಭಯ ಎನ್ನುವವಳಲ್ಲ. ರಾತ್ರಿ ಶಾಂತಕುಮಾರಿ ಗಂಡನಿಗೆ ಹುರುಳಿಕಾಳಿನ ಬಸ್ಸಾರು ಬಡಿಸುತ್ತಾ ವಿಷಯ ತೆಗೆದಳು. ಮಗ ದಯಾನಂದ್, ಸೊಸೆ ಲಿಖಿತಾ ಅಲ್ಲೇ ಊಟಕ್ಕೆ ಕೂತಿದ್ದರು.

ಶಂಭುಲಿಂಗಯ್ಯ ಮುದ್ದೆ ಮುರಿಯುತ್ತಾ, “ಹೋಗು. ಯಾರು ಬ್ಯಾಡ ಅಂದೋರು? ನಾನು ಬಾಳೆಹಣ್ಣು ತಿನ್ಕೊಂಡು ಬಿದ್ದಿರ್ತೀನಿ” ಎಂದರು.

“ನಾನು ಮಾಡಿ ಹಾಕ್ತೀನಲ್ಲ ಮಾವ” ಎಂದಳು ಲಿಖಿತಾ.

“ನಿನ್ನ ಲಿಂಗ ಎಲ್ಲೈತವ್ವ?”

ಲಿಖಿತಾಳ ಲಿಂಗ ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕದಲ್ಲಿತ್ತು. ಅದು ಮನೆಗೆಲ್ಲ ಗೊತ್ತಿದ್ದದ್ದೇ. “ನಾಳೆಯಿಂದ ಪೂಜೆ ಮಾಡ್ತೀನಿ” ಎಂದಳು.

“ಅಡುಗೆಗೋಸ್ಕರ ಮಾಡಿದ್ರೆ ಅದು ಪೂಜೆ ಆಗಕ್ಕಿಲ್ಲ. ಸಾರು ಇಕ್ಕು” ಎಂದು ಹೆಂಡತಿಯ ಕಡೆ ತಟ್ಟೆ ತಳ್ಳಿದರು. “ಸುನಂದಾ ಅಲ್ಲೇ ಒಬ್ಬ ಹೆಂಗಸನ್ನ ಇಟ್ಕೊಳ್ಳಲಿ. ಸಂಬಳ ನಾನು ಕೊಡ್ತೀನಿ.”

“ಹಂಗಾದ್ರೆ ನಿಮ್ಗೂ ಇಲ್ಲಿ ಒಬ್ಬ ಹೆಂಗಸನ್ನ ಇಡಣ ಬುಡಿ, ಬೇಯ್ಸಿ ಹಾಕಕ್ಕೆ.”

“ನಾಲ್ಗೆ ಬಿಗಿ ಹಿಡ್ದು ಮಾತಾಡೇ!”

ದಯಾನಂದ್ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನಿಗೆ ತಟ್ಟೆಯಲ್ಲಿ ಏನೋ ಬಹಳ ಮುಖ್ಯವಾದದ್ದು ಕಾಣಿಸುತ್ತಿತ್ತು. ಅಪ್ಪನ ಜೊತೆ ಮಂಡಿ ನೋಡಿಕೊಳ್ಳುವ ಮಗ, ಅಪ್ಪ ಹೂಂ ಎಂದರೆ ಹೂಂ.

ಅಲ್ಲಿಂದ ಎರಡು ವಾರ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಶಾಂತಕುಮಾರಿ ಮುದ್ದೆಯನ್ನು ತಟ್ಟೆಗೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು. ಗಂಡ ಉಪ್ಪು ಕಡಿಮೆ ಎಂದರೆ ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಡುತ್ತಿದ್ದಳು. ಸುನಂದಾ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಳು. ಕಾಲು ಊದಿಕೊಂಡಿದೆ ಎಂದು ಒಂದು ದಿನ, ತಲೆನೋವು ಬಿಡುತ್ತಿಲ್ಲ ಎಂದು ಇನ್ನೊಂದು ದಿನ. ಫೋನಿಟ್ಟ ಮೇಲೆ ಶಾಂತಕುಮಾರಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ನಿಂತು ಬರುತ್ತಿದ್ದಳು.

ದಾರಿ ಹುಡುಕಿದವಳು ಲಿಖಿತಾ. ಹುಡುಕಿದ್ದು ಅತ್ತೆಯ ಮೇಲಿನ ಕರುಣೆಯಿಂದಲೋ ಅಥವಾ ಮನೆ ಮುಂದೆ ಬಂದು ನಿಂತಿದ್ದ ಹೊಸ ಕಾರಿನ ಆಸೆಯಿಂದಲೋ, ಹೇಳುವುದು ಕಷ್ಟ. ಸಮುದ್ರದ ಪಕ್ಕದಲ್ಲೇ ಓಡುವ ರಸ್ತೆಯ ವೀಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವಳ ಕಣ್ಣು ಸೋತಿತ್ತು. ಮಾವನ ಮುಂದೆ ಮೊಬೈಲ್ ಹಿಡಿದು, “ಉಡುಪಿ ಮೇಲಿಂದ ನಿಧಾನಕ್ಕೆ ಸಮುದ್ರ ನೋಡ್ಕೊಂಡು ಕುಮಟಾಕ್ಕೆ ಹೋಗೋದು ಮಾವ. ಅತ್ತೆ ಮಗಳನ್ನ ನೋಡಿದ ಹಾಗೂ ಆಗುತ್ತೆ, ನಮಗೆ ಟ್ರಿಪ್ ಆದ ಹಾಗೂ ಆಗುತ್ತೆ” ಎಂದಳು.

ಶಂಭುಲಿಂಗಯ್ಯ ಲೆಕ್ಕ ಹಾಕಿದರು. ಹೆಂಡತಿಯ ಬಾಯಿ ಮುಚ್ಚುತ್ತದೆ, ಹೊಸ ಕಾರಿನಲ್ಲಿ ಹೋದದ್ದು ಊರಿಗೂ ಗೊತ್ತಾಗುತ್ತದೆ. “ಆಯ್ತು. ಕುಮಟಾದಲ್ಲಿ ಒಂದಿನ ಇರೋದು, ವಾಪಸ್ ಬರೋದು. ಅಡುಗೆ ಮಾತ್ರ ನಮ್ದೇ” ಎಂದು ಅಪ್ಪಣೆ ಕೊಟ್ಟರು.

ನಮ್ಮದೇ ಎಂದರೆ ಶಾಂತಕುಮಾರಿಯದು.

ಹೊರಡುವ ಹಿಂದಿನ ದಿನ ಕಾರಿನ ಕೊನೆಯ ಸಾಲಿನ ಸೀಟು ಮಡಚಿ ಸಾಮಾನು ತುಂಬಿದರು. ಸಣ್ಣ ಸಿಲಿಂಡರು, ಒಲೆ, ರಾಗಿಹಿಟ್ಟಿನ ಡಬ್ಬ, ಹಿಟ್ಟಿನ ಕೋಲು, ಸಾರಿನ ಪುಡಿ, ಕಾಳು ಕಡಿ, ಕ್ಯಾನುಗಳಲ್ಲಿ ತೋಟದ ಬೋರಿನ ನೀರು. ಇದೆಲ್ಲದರ ಮೇಲೆ ಶಂಭುಲಿಂಗಯ್ಯ ಒಂದು ಚೀಲ ಸುಲಿದ ತೆಂಗಿನಕಾಯಿ ತಂದು ಹೇರಿಸಿದರು. ಮನೆಯನ್ನೂ ದನಗಳನ್ನೂ ನೋಡಿಕೊಳ್ಳಲು ಒಪ್ಪಿದ್ದ ಬೋರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದಳು, “ಯಾಕ್ ಯಜಮಾನ್ರೇ, ಸಮುದ್ರದ ಕಡೆ ತೆಂಗಿನ ಮರ ಇಲ್ವಾ?”

“ಅದೂ ಒಂದು ಕಾಯೇನೆ? ಉಪ್ಪುನೀರು ಕುಡ್ದು ಬೆಳೆದಿರೋದು. ನಮ್ ಕಾಯಿ ಒಡುದ್ರೆ ಬೆರಳಿಗೆ ಎಣ್ಣೆ ಹತ್ತುತ್ತೆ. ಅದನ್ನ ಒಡುದ್ರೆ ಏನೈತೆ, ನೀರು!”

ಉಪ್ಪಿನ ಊರಿಗೆ ಉಪ್ಪು ಹೊತ್ತವರನ್ನು ಕಂಡು ನಗಬೇಕೋ ಅಳಬೇಕೋ. ಬೋರಮ್ಮ ನಕ್ಕಳು. ಶಾಂತಕುಮಾರಿ ತನ್ನ ಬ್ಯಾಗಿನಲ್ಲಿ ಮೆತ್ತಗಾದ ಹಳೆ ಹತ್ತಿಸೀರೆಗಳನ್ನು, ಬಾಣಂತಿ ಖಾರಕ್ಕೆಂದು ಕುಟ್ಟಿಟ್ಟಿದ್ದ ಪುಡಿಯನ್ನು ತುಂಬಿಕೊಂಡಳು. ಉಳಿಯಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಮಗಳಿಗೆ ಕೊಟ್ಟಾದರೂ ಬರೋಣವೆಂದುಕೊಂಡಳು.

ಹಾಸನ ದಾಟಿ ಘಾಟಿ ಇಳಿದು ಉಡುಪಿ ತಲುಪುವಾಗ ಸಂಜೆ. ಲಾಡ್ಜಿನವನು ರೂಮಿನಲ್ಲಿ ಒಲೆ ಹಚ್ಚಬಾರದು ಎಂದ. ಕಟ್ಟಡದ ಹಿಂದೆ, ಜನರೇಟರಿನ ಪಕ್ಕದಲ್ಲಿ ಶಾಂತಕುಮಾರಿ ಮುದ್ದೆ ತಿರುವಿದಳು. ದಯಾನಂದ್ ಮತ್ತು ಲಿಖಿತಾ ಮಲ್ಪೆಗೆ ಸಮುದ್ರ ನೋಡಲು ಹೋದರು. ಶಂಭುಲಿಂಗಯ್ಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, “ಡೀಸೆಲ್ ಹೊಗೆ ವಾಸ್ನೆ ಸಾರಿಗೆ ಹತ್ತುತ್ತೆ, ಮುಚ್ಚಳ ಹಾಕು” ಎಂದು ಸಹಾಯ ಮಾಡಿದರು.

ರಾತ್ರಿ ಹಿಂದಿರುಗಿದ ಲಿಖಿತಾಳ ಕಾಲಿಗೆ ಮರಳು ಅಂಟಿತ್ತು. “ಅತ್ತೆ, ನೀವು ಬರಬೇಕಿತ್ತು! ಸೂರ್ಯ ಮುಳುಗೋದು ಏನ್ ಚೆನ್ನಾಗಿತ್ತು ಗೊತ್ತಾ?”

“ಸೂರ್ಯ ನಮ್ಮೂರಲ್ಲೂ ಮುಳುಗ್ತಾನೆ. ತಟ್ಟೆ ಹಾಕ್ಕೋ” ಎಂದಳು ಶಾಂತಕುಮಾರಿ.

ಮಾರನೆಯ ದಿನ ಆತುರವಿರಲಿಲ್ಲ. ಎಲ್ಲಿ ಸಮುದ್ರ ಕಂಡರೆ ಅಲ್ಲಿ ಕಾರು ನಿಲ್ಲುತ್ತಿತ್ತು. ಲಿಖಿತಾ ಇಳಿದು ಕೂದಲು ಹಾರಿಸಿಕೊಂಡು ನಿಲ್ಲುತ್ತಿದ್ದಳು, ದಯಾನಂದ್ ಫೋಟೊ ತೆಗೆಯುತ್ತಿದ್ದ. ಶಂಭುಲಿಂಗಯ್ಯ ಕಂಡ ಕಂಡ ತೆಂಗಿನ ಮರಕ್ಕೆಲ್ಲ ಒಂದೊಂದು ಕೊಂಕು ತೆಗೆಯುತ್ತಿದ್ದರು. ಇದು ಸೊಟ್ಟ, ಇದಕ್ಕೆ ಗೊನೆಯೇ ಇಲ್ಲ, ಇದನ್ನು ನೆಟ್ಟವನಿಗೆ ಬುದ್ಧಿಯೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮರವಂತೆ ಬಂತು. ಅಲ್ಲಿ ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ. ಶಾಂತಕುಮಾರಿ ಕಾರಿನಿಂದ ಇಳಿದು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಅಷ್ಟು ನೀರನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ.

“ಹೊಟ್ಟೆ ಹಸೀತೈತೆ” ಎಂದರು ಶಂಭುಲಿಂಗಯ್ಯ.

“ಒಂಚೂರು ಹೊತ್ತು ನೋಡ್ಲಿ ಮಾವ!” ಲಿಖಿತಾ ರೇಗಿದಳು. “ನಿನ್ನೆಯಿಂದ ಅತ್ತೆ ಒಲೆ ಬಿಟ್ಟು ಬೇರೇನು ನೋಡಿದ್ದಾರೆ?”

“ಸಮುದ್ರ ಎಲ್ಲಿಗೆ ಓಡೋಯ್ತದೆ? ಉಂಡು ನೋಡ್ಲಿ.”

“ಇಲ್ಲೇ ಹೋಟೆಲಿದೆ. ಶುದ್ಧ ಸಸ್ಯಾಹಾರಿ ಅಂತ ಬೋರ್ಡೂ ಹಾಕಿದ್ದಾರೆ.”

“ಬೇಯ್ಸಿದೋನು ಯಾರು ಅಂತಾನೂ ಬೋರ್ಡ್ ಹಾಕವ್ರಾ? ನೀವು ಬೇಕಾದ್ರೆ ತಿನ್ನಿ. ನನ್ನ ನೇಮ ನಂಗಿರ್ಲಿ.”

ಶಾಂತಕುಮಾರಿ ಕಾರಿನ ಮರೆಯಲ್ಲಿ ಒಲೆ ಇಟ್ಟಳು. ಗಾಳಿಗೆ ಉರಿ ನಿಲ್ಲಲಿಲ್ಲ. ತನ್ನದೇ ಒಂದು ಸೀರೆಯನ್ನು ಕಾರಿನ ಬಾಗಿಲಿಗೆ ಕಟ್ಟಿ ಮರೆ ಮಾಡಿದಳು. ಗಂಡ ದೂರದಲ್ಲಿದ್ದ ಎಳನೀರು ಗಾಡಿಯ ಹತ್ತಿರ ಹೋಗಿ, ಕೇಳದಿದ್ದರೂ ಗಾಡಿಯವನಿಗೆ ತೆಂಗಿನ ಪಾಠ ಹೇಳತೊಡಗಿದರು. ಮಗ ಸೊಸೆ ನೀರಿನ ಕಡೆಗೆ ಹೋದರು.

ಎಸರು ಕುದ್ದು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವುತ್ತಿರುವಾಗ ಹಿಂದಿನಿಂದ ಯಾರೋ, “ಏನಕ್ಕ, ಇಲ್ಲಿ ಬಂದೂ ಹಿಟ್ಟು ತಿರುವ್ತಾ ಇದೀರಾ!” ಎಂದರು. ತಿರುಗಿ ನೋಡಿದರೆ ತಿಪಟೂರಿನ ಕೊಬ್ಬರಿ ವರ್ತಕ ರೇಣುಕಪ್ರಸಾದ್. ಗಂಡನ ಜೊತೆ ವ್ಯಾಪಾರ ಮಾಡುವವನು. ಒಂದೆರಡು ಸಲ ಮನೆಗೂ ಬಂದಿದ್ದ. ಹೆಂಡತಿ ಮಕ್ಕಳೊಂದಿಗೆ ಕೊಲ್ಲೂರಿಗೆ ಹೊರಟಿದ್ದನಂತೆ, ಕಾರಿನ ಮೇಲೆ ತಿಪಟೂರಿನ ನಂಬರು ಕಂಡು ನಿಲ್ಲಿಸಿದನಂತೆ.

“ಏನ್ ಮಾಡಣಪ್ಪ, ಅವ್ರ ನೇಮ ಗೊತ್ತಲ್ಲ” ಎಂದಳು.

“ನೇಮಾನಾ?” ರೇಣುಕಪ್ರಸಾದ್ ದೊಡ್ಡದಾಗಿ ನಕ್ಕ. “ಇಷ್ಟ್ ದೂರ ಬಂದ್ಮೇಲೆ ಎಂಥಾ ನೇಮ ಅಕ್ಕ! ಹರಾಜಿನ ದಿನ ಆಂಜನಪ್ಪನ ಹೋಟ್ಲಲ್ಲಿ ಮೂಲೆ ಟೇಬಲ್ಲು ಅಣ್ಣಂದೇ. ಬೆಣ್ಣೆ ಹಾಕ್ಸಿ ಎರಡು ದೋಸೆ, ಮೇಲೊಂದು ವಡೆ. ಮಧ್ಯಾಹ್ನಕ್ಕೆ ಮತ್ತೆ ಪಲಾವು. ಅಣ್ಣ ಕೂತ್ರು ಅಂದ್ರೆ ಆಂಜನಪ್ಪ ಕೇಳದೂ ಇಲ್ಲ, ತಂದು ಇಡ್ತಾನೆ. ಎಷ್ಟ್ ವರ್ಷದಿಂದ ನೋಡ್ತಾ ಇದೀನಿ! ಇಲ್ಲೂ ಒಂದು ಒಳ್ಳೆ ಹೋಟ್ಲು...”

ಅವಳ ಮುಖ ನೋಡಿ ಅವನ ಬಾಯಿ ಅಲ್ಲಿಗೇ ಕಟ್ಟಿತು. “ನಿಮ್ಗೆ ಗೊತ್ತೈತೆ ಅನ್ಕೊಂಡಿದ್ದೆ ಕಣಕ್ಕ” ಎಂದು ತೊದಲಿದ. ಮಕ್ಕಳು ಕಾಯುತ್ತಿದ್ದಾರೆ ಎಂದು ಹೇಳಿ, ಅಣ್ಣನನ್ನು ಮಾತಾಡಿಸದೆಯೇ ಕಾರು ಹತ್ತಿ ಹೋದ.

ಶಾಂತಕುಮಾರಿಯ ಕೈಯಲ್ಲಿ ಕೋಲು ನಿಂತಿತ್ತು. ಹರಾಜಿನ ದಿನ ಸಂಜೆ ಗಂಡ ಬರುತ್ತಾರೆಂದು, ಪಾಪ ಬೆಳಗ್ಗಿನಿಂದ ಹೊಟ್ಟೆಯಲ್ಲಿ ಏನೂ ಇಲ್ಲವೆಂದು, ಬಿಸಿಬಿಸಿ ಮಾಡಿಟ್ಟುಕೊಂಡು ಕಾಯುತ್ತಿದ್ದವಳು ಅವಳು. ಅವರು ಬಂದು ಎರಡು ತುತ್ತು ಉಂಡು, ಉಪವಾಸ ಇದ್ದೂ ಇದ್ದೂ ಹಸಿವೇ ಸತ್ತೋಗೈತೆ ಕಣೇ ಎನ್ನುತ್ತಿದ್ದರು. ಅವಳೂ ಅಂದು ಎರಡೇ ತುತ್ತು ಉಂಡು ಏಳುತ್ತಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಎಷ್ಟೋ ಜನಕ್ಕೆ ಅಂದಿದ್ದಳು. ಬದನೆಕಾಯಿ ತನ್ನ ಮನೆಯಲ್ಲೇ ಕೂತಿತ್ತು. ತಾಯಿಯ ಮಣ್ಣು ಒಣಗುವ ಮೊದಲೇ ಸ್ಕೂಟರ್ ಹತ್ತಿಸಿಕೊಂಡು ಬಂದದ್ದು ಯಾವ ನೇಮಕ್ಕೆ? ಸಿಟ್ಟು ಬರಬೇಕಿತ್ತು. ಬಂದದ್ದು ಹೇಸಿಗೆ.

ಅವಳು ಒಲೆ ಆರಿಸಿದಳು. ಅರ್ಧ ಬೆಂದ ಹಿಟ್ಟನ್ನು ಹಾಗೆಯೇ ಬಿಟ್ಟು ಸಮುದ್ರದ ಕಡೆ ನಡೆದಳು. ಸೀರೆ ಮೊಣಕಾಲವರೆಗೆ ನೆನೆಯುವಷ್ಟು ದೂರ ಹೋಗಿ ನಿಂತಳು. ಅಲೆ ಬಂದು ಬಂದು ಹೊಡೆಯಿತು. ಬಹಳ ಹೊತ್ತು ಅಲ್ಲಿಂದ ಅಲುಗಾಡಲಿಲ್ಲ.

ಹಿಂದಿರುಗಿದಾಗ ಗಂಡ ಪಾತ್ರೆ ಬಗ್ಗಿ ನೋಡುತ್ತಿದ್ದರು. “ಏನೇ ಇದು, ಗಂಟುಗಂಟು! ತಲೆ ಕೆಟ್ಟೈತಾ?”

“ಹೂಂ ಕಣ್ರೀ. ಕೆಟ್ಟಿತ್ತು” ಎಂದಳು.

ಆ ದಿನ ಸಂಜೆ ಮುರುಡೇಶ್ವರದಲ್ಲಿ ಕಾರಿನಿಂದ ಚೀಲ ಇಳಿಸುತ್ತಿದ್ದ ಮಗನನ್ನು ಪಕ್ಕಕ್ಕೆ ಕರೆದಳು. “ಆಂಜನಪ್ಪನ ಹೋಟ್ಲು ನಿಂಗೆ ಗೊತ್ತೇನೋ?”

ದಯಾನಂದ್‌ಗೆ ಇಲ್ಲಿ ಬಗ್ಗಿ ನೋಡಲು ತಟ್ಟೆ ಇರಲಿಲ್ಲ. ಕಾರಿನ ಬೀಗದ ಕೈ ತಿರುಗಿಸುತ್ತಾ ನಿಂತ. “ಅಮ್ಮ, ಅದು... ಅಪ್ಪಂಗೆ ಒಂದು ಹೆಸರೈತೆ. ಜನಕ್ಕೆ ಗೊತ್ತಾದ್ರೆ...”

“ಜನಕ್ಕೆಲ್ಲ ಗೊತ್ತೈತೆ ಕಣ್ಲಾ. ಗೊತ್ತಿಲ್ದೇ ಇದ್ದೋಳು ನಾನೊಬ್ಳೇ. ನೀನೂ ಅಲ್ಲೇ ತಿಂತೀಯಾ?”

“ಹಸಿವಾದಾಗ...”

“ಒಳ್ಳೆದಾಯ್ತು ಬುಡು. ಅಪ್ಪ ಮಗ ಇಬ್ರೂ ಎದುರುಬದುರು ಕೂತ್ಕಂಡು, ಮನೇಲಿ ಒಬ್ಳು ಕಾಯ್ತಾವ್ಳೆ ಅಂತ ನಗ್ತಿದ್ರಾ?”

“ಯಾರೂ ನಗ್ತಿರ್ಲಿಲ್ಲಮ್ಮ.”

“ಅದೂ ಇಲ್ಲ. ನೆನಪೂ ಆಗ್ತಿರ್ಲಿಲ್ಲ ಅನ್ನು.” ಹೆತ್ತ ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಗಟ್ಟಿಯಾಗಿ ಕಾಣುತ್ತಾನೆ, ಒಡೆದರೆ ಒಳಗೆ ಏನೂ ಇಲ್ಲ. “ನಾನು ಕೇಳ್ದೆ ಅಂತ ನಿಮ್ಮಪ್ಪಂಗೆ ಹೇಳ್ಬ್ಯಾಡ. ಒಂದು ಸಲ ಆದ್ರೂ ನನ್ನ ಮಾತು ಕೇಳು” ಎಂದು ಹೇಳಿ ಒಳಗೆ ಹೋದಳು.

ಬೆಳಗಾಯಿತು. ಶಂಭುಲಿಂಗಯ್ಯ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ನೋಡಿದರೆ ಒಲೆ ಕಾರಿನಿಂದ ಇಳಿದೇ ಇರಲಿಲ್ಲ. “ಇನ್ನೂ ಏನೂ ಬೇಯ್ಸಿಲ್ವಾ?”

“ಇವತ್ತು ಹರಾಜಿನ ದಿನ ಅಲ್ವೇನ್ರೀ?” ಶಾಂತಕುಮಾರಿಯ ದನಿ ಹಾಲಿನಂತಿತ್ತು. “ಎಷ್ಟೋ ವರ್ಷದಿಂದ ನಡ್ಸ್ಕೊಂಡ್ ಬಂದಿರೋ ಉಪವಾಸ, ನನ್ ಕೈಯಿಂದ ಮುರೀಬಾರ್ದು.”

“ಅದು... ಮಂಡಿಗೆ ಹೋದ ದಿನ ಮಾತ್ರ.”

“ದೇವ್ರಿಗೇನು ಮಂಡಿ ಗೊತ್ತಾಯ್ತದಾ, ದಿನ ಗೊತ್ತಾಯ್ತದೆ. ಏನೋ ದಯಾನಂದ?”

ದಯಾನಂದ್ ಕಾರು ಒರೆಸುತ್ತಿದ್ದ. ಒರೆಸಿದಲ್ಲೇ ಒರೆಸಿದ. ಏನೂ ಅರಿಯದ ಲಿಖಿತಾ, “ಹೌದಲ್ವಾ ಮಾವ, ಇವತ್ತು ನಿಮ್ಮ ಉಪವಾಸ! ಹಾಗಾದ್ರೆ ಅತ್ತೆಗೆ ರಜೆ” ಎಂದು ಅತ್ತೆಯ ಕೈ ಹಿಡಿದು ಹೋಟೆಲಿಗೆ ಎಳೆದುಕೊಂಡು ಹೋದಳು. ಶಂಭುಲಿಂಗಯ್ಯ ಕಾರಿನಲ್ಲಿದ್ದ ಬಾಳೆಹಣ್ಣಿಗೆ ಕೈ ಹಾಕಿದಾಗ ಶಾಂತಕುಮಾರಿ ತಿರುಗಿ ಬಂದು ಚಿಪ್ಪನ್ನು ಎತ್ತಿಕೊಂಡಳು. “ಬರೀ ನೀರು ಅಲ್ವಾ?” ಎಂದಳು.

ಅವಳು ಟೇಬಲ್ಲಿಗೆ ಕೂತು ನೀರುದೋಸೆ ತಿಂದಳು. ಸಾಕು ಎನಿಸಿದರೂ ಇನ್ನೊಂದು ಹಾಕಿಸಿಕೊಂಡಳು. ಬೇರೆಯವರು ಬೇಯಿಸಿ, ಬೇರೆಯವರು ತಂದಿಟ್ಟು, ಬೇರೆಯವರು ತಟ್ಟೆ ಎತ್ತುವ ಸುಖ ಇಷ್ಟಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಇಂಥ ಸುಖವನ್ನು ವಾರಕ್ಕೆರಡು ದಿನ ಅನುಭವಿಸಿಯೂ ಆ ಮನುಷ್ಯ ಒಂದು ದಿನ ಅವಳಿಗೆ ಒಂದು ವಡೆ ಕಟ್ಟಿಸಿಕೊಂಡು ಬರಲಿಲ್ಲ. ಕಿಟಕಿಯಿಂದ ಕಾರು ಕಾಣುತ್ತಿತ್ತು. ಅದರಲ್ಲಿ ವಿಭೂತಿ ಹಚ್ಚಿಕೊಂಡ ಒಂದು ತಲೆ ಹೋಟೆಲಿನ ಕಡೆಗೇ ತಿರುಗಿತ್ತು.

ಹೊನ್ನಾವರದಲ್ಲಿ ಹೊಳೆ ದಾಟಿದ ಮೇಲೆ ಲಿಖಿತಾ ಎಳನೀರು ಬೇಕೆಂದಳು. ಎಲ್ಲರೂ ಇಳಿದರು. ಶಂಭುಲಿಂಗಯ್ಯ ಮರಗಳಿಗೆ ಕೊಂಕು ತೆಗೆಯುವುದನ್ನು ಬೆಳಿಗ್ಗೆಯೇ ನಿಲ್ಲಿಸಿದ್ದರು. ಗಾಡಿಯವನು ಕೊಚ್ಚಿ ಕೊಟ್ಟ ಎಳನೀರನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದರು. ಬುರುಡೆಯೊಳಗಿನ ಎಳೆ ಗಂಜಿಯನ್ನೂ ಕೆರೆಸಿಕೊಂಡು ತಿಂದರು.

“ಉಪ್ಪುನೀರಿನ ಕಾಯಿ ಕಣ್ರೀ ಅದು” ಎಂದಳು ಶಾಂತಕುಮಾರಿ.

“ನೀರು ನೀರೇ” ಎಂದು ಗೊಣಗಿ ಇನ್ನೊಂದಕ್ಕೆ ಕೈ ಚಾಚಿದರು.

ಕುಮಟಾ ತಲುಪಿದಾಗ ಸುನಂದಾ ಬಾಗಿಲಲ್ಲೇ ನಿಂತಿದ್ದಳು. ಕಾಲುಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಕಣ್ಣ ಸುತ್ತ ಕಪ್ಪು. ಅಮ್ಮನನ್ನು ತಬ್ಬಿಕೊಂಡವಳು ಬಿಡಲಿಲ್ಲ. ಒಳಗೆ ಸುನಂದಾಳ ಅತ್ತೆ ಹಾಸಿಗೆಯಿಂದ ಕೂಗುತ್ತಿದ್ದರು, ಹಿರಿ ಮಗು ಹೋಂವರ್ಕಿಗೆ ಅಳುತ್ತಿತ್ತು, ಅಡುಗೆಮನೆಯಲ್ಲಿ ಬೆಳಗಿನ ಪಾತ್ರೆಗಳು ಹಾಗೇ ಬಿದ್ದಿದ್ದವು. ಕೆಲಸಕ್ಕೆ ಹೆಂಗಸನ್ನು ಹುಡುಕಿ ಹುಡುಕಿ ಅಳಿಯ ಸೋತಿದ್ದ. ಶಾಂತಕುಮಾರಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಆ ರಾತ್ರಿ ಮತ್ತು ಮರುದಿನವೆಲ್ಲ ಅವಳೇ ಬೇಯಿಸಿದಳು. ಶಂಭುಲಿಂಗಯ್ಯ ಕಳೆದುಕೊಂಡದ್ದನ್ನೆಲ್ಲ ಸೇರಿಸಿ ಉಂಡರು. ಉಂಡು, ತೇಗಿ, “ನಾಳೆ ಬೆಳಿಗ್ಗೆ ಹೊರಡಣ” ಎಂದರು.

ಬೆಳಿಗ್ಗೆ ಕಾರಿಗೆ ಸಾಮಾನು ಏರಿತು. ಶಾಂತಕುಮಾರಿಯ ಬ್ಯಾಗು ಮಾತ್ರ ಬರಲಿಲ್ಲ.

“ಎಲ್ಲೇ ನಿನ್ ಬ್ಯಾಗು?”

“ಒಳಗೈತೆ. ನಾನು ಬರಾಕಿಲ್ಲ. ಬಾಣಂತನ ಮುಗಿಸ್ಕೊಂಡೇ ಬತ್ತೀನಿ.”

ಶಂಭುಲಿಂಗಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. “ಮಾತಾಡಿದ್ದೇನು? ಒಂದಿನ ಅಂತ ತಾನೆ? ನನ್ ಊಟದ ಗತಿ ಏನು?”

“ಆಂಜನಪ್ಪ ಚೆನ್ನಾಗವ್ನಾ?”

ಶಂಭುಲಿಂಗಯ್ಯ ಮಗನ ಮುಖ ನೋಡಿದರು. ಮಗ ಸ್ಟೀರಿಂಗಿನ ಮುಖ ನೋಡಿದ. ಸೊಸೆ, ಮಗಳು, ಅಳಿಯ ಮೂವರೂ ಶಂಭುಲಿಂಗಯ್ಯನವರನ್ನು ನೋಡಿದರು.

“ಯಾರು... ಯಾರು ಹೇಳಿದ್ದು?”

“ಬೆಣ್ಣೆ ಹಾಕಿದ ಎರಡು ದೋಸೆ, ಮೇಲೊಂದು ವಡೆ. ಹೇಳಿದೋರು ಯಾರಾದ್ರೇನು?” ಶಾಂತಕುಮಾರಿ ದನಿ ಏರಿಸಲಿಲ್ಲ. “ನಮ್ಮವ್ವನ್ನ ಮಣ್ಣು ಮಾಡಿದ ದಿನ ನಾನು ಒಂದು ರಾತ್ರಿ ಅಲ್ಲಿ ಮಲಗ್ಲಿಲ್ಲ. ನೀವು ಅವತ್ತು ಯಾವುದಾದ್ರೂ ಹೋಟ್ಲಲ್ಲಿ ಉಂಡು ಮಲಗಬೋದಿತ್ತು. ಉಂಡು ಅಭ್ಯಾಸ ಇತ್ತಲ್ಲ.”

“ಅಮ್ಮ...” ಎಂದಳು ಸುನಂದಾ.

“ನೀನು ಒಳಗೋಗಿ ಕೂತ್ಕೋ. ಬಿಪಿ ಏರುತ್ತೆ.”

ಶಂಭುಲಿಂಗಯ್ಯ ಕೊನೆಯ ಹಟಕ್ಕೆ ಬಂದರು. “ಹೊರಗಡೆ ಅಷ್ಟೇ ಅದು. ಹಸಿವು ತಡೀದೆ. ಮನೇಲಿ ನಾನು ನೇಮ ಬಿಟ್ಟೋನಲ್ಲ. ಮನೇಲಿ ಲಿಂಗಪೂಜೆ ಮಾಡಿದ ಕೈ ಬೇಯ್ಸಿದ್ದೇ ಆಗ್ಬೇಕು. ಇಲ್ಲಾಂದ್ರೆ ಉಪವಾಸ ಬಿದ್ದು ಸಾಯ್ತೀನಿ. ನೋಡ್ಕೋ.”

“ಯಾಕ್ ಸಾಯ್ತೀರಿ? ದಿನಾ ಬೆಳಿಗ್ಗೆ ತಪ್ಪದಂಗೆ ಲಿಂಗಪೂಜೆ ಮಾಡೋದು ಯಾರ ಕೈಲಿ? ನಿಮ್ ಕೈಲೇ ತಾನೆ?” ಎಂದಳು ಶಾಂತಕುಮಾರಿ.

ಶಂಭುಲಿಂಗಯ್ಯ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಲಿಖಿತಾ ಹಿಂದೆ ತಿರುಗಿ ನಿಂತಳು. ಅವಳ ಭುಜ ಅಲ್ಲಾಡುತ್ತಿತ್ತು. ಶಾಂತಕುಮಾರಿ ಸಾಮಾನಿನ ಚೀಲದಿಂದ ಹಿಟ್ಟಿನ ಕೋಲು ಎಳೆದು ತಂದು ಗಂಡನ ಕೈಗೆ ಕೊಟ್ಟಳು. “ಈ ಕೈಗಿಂತ ಮಡಿ ಕೈ ಊರಲ್ಲೇ ಇಲ್ಲ. ಹೋಗಿ ಬನ್ನಿ” ಎಂದಳು.

ಕಾರು ಬೀದಿ ತಿರುಗುವವರೆಗೂ ಅವಳು ನಿಲ್ಲಲಿಲ್ಲ. ಸುನಂದಾಳಿಗೆ ಕಾಲಿಗೆ ಬಿಸಿನೀರು ಇಡಬೇಕಿತ್ತು.

ಹದಿನೈದು ದಿನ ಊರಿನಿಂದ ಫೋನ್ ಬಂದದ್ದೆಲ್ಲ ಲಿಖಿತಾಳದು. ಮಾವ ಮೂರು ದಿನ ತಿಪಟೂರಿನಲ್ಲೇ ಉಂಡು ಬಂದರಂತೆ. ವಿಷಯ ಹೇಗೋ ಊರಿಗೆ ತಿಳಿದು, ಎದುರು ಸಿಕ್ಕವರೆಲ್ಲ ದೋಸೆ ಹೇಗಿತ್ತು ಎಂದು ಕೇಳತೊಡಗಿದ ಮೇಲೆ ಹೋಗುವುದು ಬಿಟ್ಟರಂತೆ. ಸೊಸೆಯ ಅಡುಗೆ ಕೇಳಲು ಮರ್ಯಾದೆ ಅಡ್ಡ. ಬಾಳೆಹಣ್ಣು, ಅವಲಕ್ಕಿ, ಮಜ್ಜಿಗೆಯಲ್ಲಿ ದಿನ ದೂಡುತ್ತಿದ್ದಾರಂತೆ. ಅಷ್ಟರಲ್ಲಿ ಸುನಂದಾಳಿಗೆ ನೋವು ಬಂತು. ಆಸ್ಪತ್ರೆಯಲ್ಲಿ ಒಂದಿಡೀ ರಾತ್ರಿ ಮಗಳ ಕೈ ಶಾಂತಕುಮಾರಿಯ ಕೈಯಲ್ಲಿತ್ತು. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಶಾಂತಕುಮಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತನ್ನ ತಾಯಿಗೂ ಸೇರಿಸಿ ಅತ್ತಳು.

ಮನೆಗೆ ಬಂದು ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಒಂದು ಸಂಜೆ ಫೋನ್ ಬಂತು. ಹೆಸರು ನೋಡಿ ಸುನಂದಾ ಸ್ಪೀಕರ್ ಹಾಕಿ ಅಮ್ಮನ ಪಕ್ಕ ಇಟ್ಟಳು.

“ಶಾಂತೂ” ಎಂದಿತು ಆ ಕಡೆಯ ದನಿ. ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ. “ಕೂಸು ಹೆಂಗೈತೆ?”

“ಚೆನ್ನಾಗೈತೆ.”

“ಸುನಂದಾ?”

“ಅವ್ಳೂ ಚೆನ್ನಾಗವ್ಳೆ.”

ಆ ಕಡೆ ಪಾತ್ರೆಯೊಂದು ಬಿದ್ದು ಉರುಳಿದ ಸದ್ದಾಯಿತು. ಆಮೇಲೆ ಶಂಭುಲಿಂಗಯ್ಯ, ಪಕ್ಕದ ಮನೆಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ, “ಹಿಟ್ಟು... ನೀರಿಗೆ ಮೊದ್ಲೇ ಹಾಕೋದಾ, ಕುದ್ದ ಮೇಲೆ ಹಾಕೋದಾ? ಇದು ಎಷ್ಟೊತ್ತಾದ್ರೂ ಕುದೀತಾನೇ ಇಲ್ಲ ಕಣೇ” ಎಂದರು.

ಸುನಂದಾ ಬಾಯಿಗೆ ಕೈ ಅಡ್ಡ ಹಿಡಿದಳು. ಶಾಂತಕುಮಾರಿ ಮಗುವಿನ ಕಾಲು ನೀವುವುದನ್ನು ನಿಲ್ಲಿಸಲಿಲ್ಲ.

“ಸ್ಟವ್ ಹಚ್ಚಿದೀರಾ?”

ಆ ಕಡೆ ಬೆಂಕಿಪೊಟ್ಟಣಕ್ಕೆ ತಡಕಾಡಿದ ಸದ್ದಾಯಿತು.

“ಮೊದ್ಲು ಅದನ್ನ ಹಚ್ಚಿ” ಎಂದು ಹೇಳಿ ಅವಳು ಎಣ್ಣೆ ಕೈಯಲ್ಲೇ ಫೋನ್ ಕಟ್ ಮಾಡಿದಳು.